ಮೊದಲು ಗೆರೆ ಬಿಡಿಸಬೇಕು

ಮಾಡಿದ ತಪ್ಪನ್ನು ಸರಿಮಾಡಲು ಬರುತ್ತದೆಯೇ? ವಕೀಲಿ ಮಾಡುತ್ತಲೇ ತಲೆ ನರೆತ ನನಗೆ ಈ ಪ್ರಶ್ನೆ ಹೊಸದಲ್ಲ. ಹೈದರಾಬಾದಿನ ಪುರಾನಿ ಹವೇಲಿಯ ಸಿಟಿ ಸಿವಿಲ್ ಕೋರ್ಟಿನಲ್ಲಿ ನನ್ನ ಕೈಗೆ ಬರುವ ಕೇಸುಗಳು ಹೆಚ್ಚಾಗಿ ಎರಡು ಬಗೆಯವು: ಒಂದು ಆಸ್ತಿ ಪಾಲು, ಇನ್ನೊಂದು ಮೋಟಾರು ಅಪಘಾತದ ಪರಿಹಾರ. ಎರಡರಲ್ಲೂ ಯಾರೋ ಯಾರಿಗೋ ಏನೋ ಮಾಡಿಬಿಟ್ಟಿರುತ್ತಾರೆ. ಆದದ್ದನ್ನು ಆಗದಂತೆ ಮಾಡಲು ಯಾವ ನ್ಯಾಯಾಧೀಶರಿಂದಲೂ ಆಗದು. ಆದರೂ ಏನಾದರೊಂದು ಮಾಡಲೇಬೇಕು. ಆ ‘ಏನಾದರೊಂದು’ ಯಾವುದು ಎಂಬುದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ಇದಕ್ಕೆ ದಾರಿ ತೋರಿದವರು ಇಬ್ಬರು. ಒಬ್ಬರು ಚಾದರ್‌ಘಾಟಿನ ಡೆಂಟಿಂಗ್ ಉಸ್ತಾದರು. ಇನ್ನೊಬ್ಬ, ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕೂತು ಮಿತಾಕ್ಷರ ಬರೆದ ವಿಜ್ಞಾನೇಶ್ವರ.

ಉಸ್ತಾದರ ಬಳಿಗೆ ನನ್ನನ್ನು ಕರೆದೊಯ್ದ ಕಾರು ನಮ್ಮ ತಂದೆಯವರದು, ಪ್ರೀಮಿಯರ್ ಪದ್ಮಿನಿ. ಮುಂಬೈಯ ಕುರ್ಲಾದ ಕಾರ್ಖಾನೆಯಲ್ಲಿ ಫಿಯಟ್ 1100ರ ಅಚ್ಚಿನಲ್ಲೇ ತಯಾರಾಗುತ್ತಿದ್ದ ಗಾಡಿ. 1974ರಲ್ಲಿ ಅದಕ್ಕೆ ಪದ್ಮಿನಿ ಎಂದು ಹೆಸರಿಟ್ಟರೂ ನಮ್ಮ ಮನೆಯಲ್ಲಿ ಅದು ಫಿಯಟ್ಟೇ. ತಂದೆ ಭಾಲ್ಕಿ ಕಡೆಯವರು. ಬೀದರ, ಗುಲ್ಬರ್ಗಾ, ರಾಯಚೂರು ಮೂರೂ ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಆ ಕಡೆಯವರು ಓದಿಗೂ ನೌಕರಿಗೂ ಬರುತ್ತಿದ್ದುದು ಈ ಊರಿಗೆ. 1956ರಲ್ಲಿ ಆ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ನಮ್ಮಂಥ ಎಷ್ಟೋ ಮನೆಗಳು ಕಾಚಿಗುಡದಲ್ಲೇ ಉಳಿದವು. ಮದುವೆ, ಜಾತ್ರೆ, ಸಾವು ಎಂದು ಬೀದರಕ್ಕೆ ಸುಮಾರು 140 ಕಿಲೋಮೀಟರು ಹೋಗಿಬರುತ್ತಿದ್ದುದು ಈ ಕಾರಿನಲ್ಲಿ. ತಂದೆ ತೀರಿಕೊಂಡ ಮೇಲೂ ಅದನ್ನು ನಾನು ಓಡಿಸುತ್ತಿದ್ದೇನೆ, ಕೋರ್ಟಿಗೂ ಅದರಲ್ಲೇ ಹೋಗುತ್ತೇನೆ.

ಒಂದು ಬೇಸಿಗೆಯ ನಸುಕಿನಲ್ಲಿ ನೀರಿನ ಟ್ಯಾಂಕರೊಂದು ನಮ್ಮ ಗಲ್ಲಿಗೆ ಹಿಮ್ಮುಖವಾಗಿ ಬರುತ್ತಾ, ನಿಂತಿದ್ದ ಕಾರಿನ ಎಡಗಡೆಯ ಹಿಂಬಾಗಿಲನ್ನೂ ಅದರ ಪಕ್ಕದ ಮಡ್‌ಗಾರ್ಡನ್ನೂ ಒತ್ತಿತು. ಬಾಗಿಲ ಮೇಲೆ ಅಡ್ಡಲಾಗಿ ಒಂದು ಚೂಪು ಮಡಿಕೆ. ಅದರ ಮೇಲೂ ಕೆಳಗೂ ಅಗಲವಾದ ನೆಗ್ಗು. ಕಾನೂನು ಸ್ಪಷ್ಟವಿದೆ. ಚಾಲಕ ಕೆಲಸದ ಮೇಲಿದ್ದಾಗ ಮಾಡಿದ ಹಾನಿಗೆ ಮಾಲೀಕ ಹೊಣೆ, ಮಾಲೀಕನ ಪರವಾಗಿ ಇನ್ಶೂರೆನ್ಸ್ ಕಂಪನಿ ತೆರಬೇಕು. ಆದರೆ ಅದೇ ದಿನ ಸಂಜೆ ಟ್ಯಾಂಕರ್ ಓಡಿಸುವ ಹುಡುಗ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತ. ಜಹೀರಾಬಾದ್ ಕಡೆಯವನು. ಒಳಗೆ ನಾವು ಆಡುತ್ತಿದ್ದ ಮಾತು ಕಿವಿಗೆ ಬಿದ್ದದ್ದೇ ತೆಲುಗು ಬಿಟ್ಟು ಕನ್ನಡಕ್ಕೆ ಬಂದ. “ಅಕ್ಕಾರ, ನನ್ನಿಂದ ತಪ್ಪಾಗ್ಯಾದ್ರಿ. ಕತ್ತಲದಾಗ ಕಾಣಲಿಲ್ಲ. ಏನ್ ಖರ್ಚು ಬರ್ತದ ಹೇಳ್ರಿ, ಪಗಾರದಾಗ ಹಿಡಿದು ಕೊಡ್ತೀನಿ.”

ಇನ್ಶೂರೆನ್ಸ್ ಇದೆ, ನೀನೇನೂ ಕೊಡಬೇಕಾಗಿಲ್ಲ ಎಂದು ಹೇಳಿ ಕಳಿಸಬಹುದಿತ್ತು. ಅದು ಅವನಿಗೆ ಬೇಕಾಗಿದ್ದ ಉತ್ತರವಲ್ಲ ಎನ್ನುವುದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಯಾರು ಹಣ ಕೊಡಬೇಕು ಎಂಬುದು ಕಾನೂನಿನ ಪ್ರಶ್ನೆ. ಅವನು ಕೇಳುತ್ತಿದ್ದದ್ದು, ನಾನು ಏನು ಮಾಡಬೇಕು ಎಂದು. “ನಿನ್ನ ರಜಾ ದಿನ ಉಸ್ತಾದರ ಶೆಡ್ಡಿಗೆ ಬಾ, ಅಲ್ಲೇ ನೋಡೋಣ” ಎಂದೆ. ಬಂದ.

ಉಸ್ತಾದರ ಶೆಡ್ಡು ಚಾದರ್‌ಘಾಟಿನಲ್ಲಿ ಮೂಸಿಯ ಕಡೆಗೆ ಇಳಿಯುವ ಗಲ್ಲಿಯಲ್ಲಿದೆ. ಮೊದಲು ಅವರು ಸುತ್ತಿಗೆ ಮುಟ್ಟಲಿಲ್ಲ. ಒಂದು ಚಿಕ್ಕ ಆಯಸ್ಕಾಂತವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಬಾಗಿಲ ಮೇಲೆ ಮೆಲ್ಲಗೆ ಆಡಿಸಿದರು. ಅದು ಬಿಗಿಯಾಗಿ ಹಿಡಿದುಕೊಂಡೇ ಹೋಯಿತು. ಚಕ್ರದ ಕಮಾನಿನ ಹತ್ತಿರ ಮಡ್‌ಗಾರ್ಡಿಗೆ ಬಂದಾಗ ಮಾತ್ರ ಹಿಡಿತ ತಪ್ಪಿ ಅವರ ಕೈಗೆ ಜಾರಿಬಿತ್ತು. “ಇದರ್ ಚದ್ದರ್ ನೈಂ, ಖಾಲಿ ಪುಟ್ಟಿ ಹೈ” ಎಂದರು. ಇಲ್ಲಿ ತಗಡಿಲ್ಲ, ಬರೀ ಪುಟ್ಟಿ. ಬಣ್ಣ ಕೆರೆದು ನೋಡಿದರೆ ಬೆರಳು ದಪ್ಪದ ಹಳೆಯ ಪುಟ್ಟಿ. ತಂದೆಯ ಕಾಲದಲ್ಲಿ ಯಾವುದೋ ಗ್ಯಾರೇಜಿನವರು ನೆಗ್ಗನ್ನು ಎಳೆಯಲು ತಗಡಿಗೆ ಸಾಲಾಗಿ ತೂತು ಕೊರೆದಿದ್ದರು. ಅರ್ಧಂಬರ್ಧ ಎಳೆದು, ಉಳಿದ ತಗ್ಗಿಗೆ ಪುಟ್ಟಿ ತುಂಬಿ, ಉಜ್ಜಿ ಬಣ್ಣ ಹೊಡೆದಿದ್ದರು. ಆ ತೂತುಗಳಿಂದ ಒಳಗಿನ ತೇವ ಹೊಕ್ಕು ತಗಡು ತುಕ್ಕಿನ ಪುಡಿಯಾಗಿತ್ತು. ಹೊರಗಿನಿಂದ ನೋಡಿದವರಿಗೆ ಇಷ್ಟು ವರ್ಷ ಅದು ನುಣುಪಾಗಿ ಹೊಳೆಯುವ ಮಡ್‌ಗಾರ್ಡು.

ಹಳೆಯ ಕಾರಿನ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪ, ಈಗಿನ ಕಾರುಗಳದ್ದಕ್ಕಿಂತ ದಪ್ಪ, ಮೆದು. ಆದ್ದರಿಂದ ಅದು ಸುತ್ತಿಗೆಯ ಮಾತು ಕೇಳುತ್ತದೆ. ಬಾಗಿಲಿನ ಒಳಗಿನ ಹೊದಿಕೆ ಬಿಚ್ಚಿದ ಮೇಲೆ ಉಸ್ತಾದರು ಹುಡುಗನನ್ನೂ ನನ್ನನ್ನೂ ಹತ್ತಿರ ಕರೆದು ಟ್ಯೂಬ್‌ಲೈಟಿನ ಬೆಳಕು ಬಾಗಿಲ ಮೇಲೆ ಎಲ್ಲೆಲ್ಲಿ ಸೊಟ್ಟಗಾಗುತ್ತದೆ ನೋಡಿ ಎಂದರು. ಆಮೇಲೆ ಅಂಗೈಯ ಕೆಳಗೆ ಬಟ್ಟೆ ಇಟ್ಟುಕೊಂಡು ಸವರಿದರು. ಬರಿಗೈಗೆ ತಿಳಿಯದ ಏರುತಗ್ಗು ಬಟ್ಟೆಯಿದ್ದರೆ ತಿಳಿಯುತ್ತದೆ. ಬೆರಳು ಇಟ್ಟು ತೋರಿಸಿದ್ದು ಆ ಚೂಪು ಮಡಿಕೆಯನ್ನು. “ಪೈಲೇ ಲಕೀರ್ ಖೋಲ್ನಾ. ಬಾಕೀ ಆಪೀಚ್ ಆತಾ.” ಮೊದಲು ಗೆರೆ ಬಿಡಿಸಬೇಕು, ಉಳಿದದ್ದು ತಾನೇ ಬರುತ್ತದೆ.

ಇದು ಕೈಚಳಕದ ಮಾತಷ್ಟೇ ಅಲ್ಲ, ಲೋಹದ ನಿಯಮವೂ ಹೌದು. ತಗಡನ್ನು ಒತ್ತಿದಾಗ ಅದು ಒಂದು ಮಿತಿಯವರೆಗೆ ಬಾಗಿ, ಒತ್ತಡ ತೆಗೆದ ಕೂಡಲೇ ವಾಪಸು ಬರುತ್ತದೆ. ಮಿತಿ ದಾಟಿದಲ್ಲಿ ಮಾತ್ರ ಆಕಾರ ಕಾಯಮ್ಮಾಗಿ ಬದಲಾಗುತ್ತದೆ. ಈ ಬಾಗಿಲಲ್ಲಿ ಮಿತಿ ದಾಟಿದ್ದು ಆ ಮಡಿಕೆಯ ಉದ್ದಕ್ಕಷ್ಟೇ. ಸುತ್ತಲಿನ ಅಗಲವಾದ ನೆಗ್ಗಿನಲ್ಲಿ ತಗಡಿಗೆ ಏನೂ ಆಗಿಲ್ಲ. ಅದು ಈಗಲೂ ತನ್ನ ಜಾಗಕ್ಕೆ ಮರಳಬೇಕೆಂದು ಎಳೆಯುತ್ತಲೇ ಇದೆ, ಆ ಗೆರೆ ಅದನ್ನು ಹಿಡಿದಿಟ್ಟಿದೆ. ಗೊತ್ತಿಲ್ಲದವರು ನೆಗ್ಗಿನ ನಡುವೆ ಹೆಚ್ಚು ತಗ್ಗಿರುವ ಕಡೆ ಒಳಗಿನಿಂದ ದಬದಬ ಬಡಿಯುತ್ತಾರೆ. ಆಗ ಏನೂ ಆಗದಿದ್ದ ತಗಡು ಹಿಗ್ಗಿ ನಿಜವಾಗಿಯೇ ಕೆಡುತ್ತದೆ. ಬಲ್ಲವರು ಕೊನೆಗೆ ಆದ ಪೆಟ್ಟನ್ನು ಮೊದಲು ತೆಗೆಯುತ್ತಾರೆ, ಮೊದಲು ಆದದ್ದನ್ನು ಕೊನೆಗೆ. ಪೆಟ್ಟು ಬಂದ ದಾರಿಯಲ್ಲೇ ತಿರುಗಿ ಹೋಗುತ್ತಾರೆ.

ಉಸ್ತಾದರು ರೈಲು ಪಟ್ಟಿಯ ತುಂಡಿನಿಂದ ಮಾಡಿದ ಡಾಲಿಯನ್ನು (ತಗಡಿನ ಹಿಂದೆ ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿ) ಹುಡುಗನ ಕೈಗೆ ಕೊಟ್ಟು, ಬಾಗಿಲ ಒಳಗೆ ಕೈ ಹಾಕಿ ಮಡಿಕೆಯ ತಳಕ್ಕೆ ಒತ್ತಿ ಹಿಡಿ ಎಂದರು. ತಾವು ಹೊರಗೆ, ಮಡಿಕೆಯ ಪಕ್ಕದಲ್ಲಿ ಉಬ್ಬಿದ್ದ ಅಂಚಿಗೆ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತಾ ಹೋದರು. ಒಳಗಿನಿಂದ ತಗ್ಗು ಏಳಬೇಕು, ಹೊರಗಿನಿಂದ ಉಬ್ಬು ಇಳಿಯಬೇಕು, ಎರಡೂ ಒಟ್ಟಿಗೆ. ಹುಡುಗನ ತೋಳು ನಡುಗುತ್ತಿತ್ತು, ಡಾಲಿ ಸರಿದಾಗಲೆಲ್ಲ ಸುತ್ತಿಗೆಯ ಸದ್ದು ಬದಲಾಗುತ್ತಿತ್ತು. “ಜೋರ್ ಸೇ ನಕ್ಕೋ, ಬರಾಬರ್ ಪಕಡೋ” ಎಂದು ಉಸ್ತಾದರು ತಿದ್ದುತ್ತಿದ್ದರು: ಜೋರು ಬೇಡ, ಸರಿಯಾಗಿ ಹಿಡಿ. ಮಡಿಕೆಯ ಒಂದು ತುದಿ ಬಿಟ್ಟುಕೊಂಡಿತು, ಆಮೇಲೆ ನಡು. ಅಷ್ಟರಲ್ಲಿ ಠಪ್ಪೆಂದು ಸದ್ದಾಗಿ, ಯಾರೂ ಮುಟ್ಟದೆ ಇದ್ದ ನೆಗ್ಗಿನ ಬಹುಭಾಗ ಒಮ್ಮೆಗೇ ಮೇಲೆದ್ದಿತು. ಹುಡುಗ ಬೆಚ್ಚಿ ಕೈ ಹಿಂದೆ ತೆಗೆದುಕೊಂಡ.

ಉಳಿದದ್ದು ನಿಧಾನದ ಕೆಲಸ. ಒಂದು ಕಡೆ ತಗಡು ಹಿಗ್ಗಿದ್ದರಿಂದ ಬೆರಳಲ್ಲಿ ಒತ್ತಿದರೆ ಡಬ್ ಎಂದು ಒಳಗೆ ಹೋಗಿ, ಬಿಟ್ಟರೆ ಹೊರಗೆ ಬರುತ್ತಿತ್ತು. ಅಲ್ಲಿ ಗ್ಯಾಸಿನ ಉರಿಯಿಂದ ಕಾಸಿನಗಲದ ಜಾಗವನ್ನು ಕೆಂಪಗೆ ಕಾಯಿಸಿ, ತಟ್ಟಿ, ಒದ್ದೆ ಬಟ್ಟೆ ಒತ್ತಿದರು. ಕಾದ ತಗಡು ಹಿಗ್ಗಲು ನೋಡುತ್ತದೆ. ಸುತ್ತಲಿನ ತಣ್ಣನೆಯ ತಗಡು ಜಾಗ ಬಿಡದ ಕಾರಣ ಅಲ್ಲೇ ದಪ್ಪಗಾಗುತ್ತದೆ, ಆರುವಾಗ ಕುಗ್ಗಿ ಸುತ್ತಲಿನದನ್ನು ಬಿಗಿದುಕೊಳ್ಳುತ್ತದೆ. ತುಕ್ಕು ತಿಂದಿದ್ದ ಮಡ್‌ಗಾರ್ಡಿನ ಭಾಗಕ್ಕೆ ಬೇರೆ ದಾರಿಯಿರಲಿಲ್ಲ. ಕತ್ತರಿಸಿ ತೆಗೆದು ಹೊಸ ತಗಡಿನ ತುಂಡು ಬೆಸೆದರು. ಕೊನೆಗೆ ಅವರೂ ಪುಟ್ಟಿ ಹಚ್ಚಿದರು, ಆದರೆ ಉಗುರಿನಷ್ಟು ತೆಳುವಾಗಿ, ಸುತ್ತಿಗೆಯ ಗುರುತು ಮುಚ್ಚುವಷ್ಟು. ಆಮೇಲೆ ವಾಟರ್ ಪೇಪರ್ ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ.

ಈಗ ವಿಜ್ಞಾನೇಶ್ವರನ ಮಾತು. ನಮ್ಮ ಕೋರ್ಟುಗಳಲ್ಲಿ ಮಿತಾಕ್ಷರ ಎಂದರೆ ಅವಿಭಕ್ತ ಕುಟುಂಬದ ಆಸ್ತಿ ಕಾನೂನು. ಅದರ ದಾಯವಿಭಾಗದ ಪ್ರಕರಣವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ವಕೀಲರಿಗೆ ಆ ಪುಸ್ತಕ ಅಷ್ಟೇ ಆಗಿಹೋಯಿತು. ಆದರೆ ಅದು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಪೂರ್ತಿ ವ್ಯಾಖ್ಯಾನ: ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಅಧ್ಯಾಯ. ಬರೆದದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ರಾಜಧಾನಿ ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ. ಗ್ರಂಥ ಮುಗಿಸುತ್ತಾ ವಿಜ್ಞಾನೇಶ್ವರ ಆ ಊರನ್ನೂ ಆ ರಾಜನನ್ನೂ ಮನಸಾರೆ ಹೊಗಳಿದ್ದಾನೆ. ನಾವು ಭಾಲ್ಕಿಗೆ ಹೋಗುವ ಸೀಮೆಯದೇ ಪುಸ್ತಕ ಅದು.

ಪ್ರಾಯಶ್ಚಿತ್ತದ ಅಧ್ಯಾಯದಲ್ಲಿ ಒಂದು ಕಠಿಣ ಪ್ರಶ್ನೆ ಬರುತ್ತದೆ. ತಿಳಿಯದೆ ಮಾಡಿದ ಪಾಪ ಪ್ರಾಯಶ್ಚಿತ್ತದಿಂದ ಹೋಗುತ್ತದೆ, ಸರಿ. ಬೇಕೆಂದೇ ಮಾಡಿದ್ದಕ್ಕೆ ಏನು ಗತಿ? ಯಾಜ್ಞವಲ್ಕ್ಯನ ಉತ್ತರ: ಅಂಥವನು ಪ್ರಾಯಶ್ಚಿತ್ತದಿಂದ ಜನರೊಡನೆ ವ್ಯವಹಾರಕ್ಕೆ ಯೋಗ್ಯನಾಗುತ್ತಾನೆ. ಪಾಪ ಹೋಗದೆ ವ್ಯವಹಾರ ಹೇಗೆ ಶುರುವಾದೀತು? ವಿಜ್ಞಾನೇಶ್ವರ ಇಲ್ಲಿ ಪಾಪಕ್ಕೆ ಎರಡು ಶಕ್ತಿಗಳಿವೆ ಎಂದು ಬಿಡಿಸಿ ಹೇಳುತ್ತಾನೆ. ಒಂದು ನರಕಕ್ಕೆ ಒಯ್ಯುವ ಶಕ್ತಿ, ಇನ್ನೊಂದು ಮನುಷ್ಯರ ನಡುವಿನ ಕೊಡುಕೊಳುವಿಕೆಯನ್ನು ತಡೆಯುವ ಶಕ್ತಿ. ಮೊದಲನೆಯದು ಉಳಿದರೂ ಎರಡನೆಯದನ್ನು ತೆಗೆಯಬಹುದು.

ಎಷ್ಟು ನಿಖರವಾದ ನೋಟ ಇದು! ಆಗಿಹೋದ ಕೃತ್ಯ ಲೋಕದ ಲೆಕ್ಕದಲ್ಲಿ ಇದ್ದೇ ಇರುತ್ತದೆ. ಅದನ್ನು ಅಳಿಸುವುದು ಮನುಷ್ಯರ ಕೈಯಲ್ಲಿಲ್ಲ. ಆದರೆ ಆ ಕೃತ್ಯ ನಮ್ಮಿಬ್ಬರ ನಡುವೆ ಏನನ್ನು ಹಿಡಿದಿಟ್ಟಿದೆಯೋ ಅದನ್ನು ಬಿಡಿಸುವುದು ನಮ್ಮ ಕೈಯಲ್ಲಿದೆ. ತಪ್ಪಾದಾಗ ಕೆಡುವುದು ಒಂದು ಗೆರೆಯಷ್ಟು ಜಾಗ. ಅದರಿಂದಾಗಿ ಮಾತು ನಿಲ್ಲುತ್ತದೆ, ಹೋಗಿಬರುವುದು ನಿಲ್ಲುತ್ತದೆ, ಆ ಮನೆಯ ಮಕ್ಕಳ ಹೆಸರೆತ್ತುವುದೂ ನಿಲ್ಲುತ್ತದೆ. ಆ ಅಗಲದ ತಗ್ಗನ್ನೇ ತಪ್ಪು ಎಂದು ತಿಳಿದು ಅಲ್ಲಿ ಬಡಿಯುತ್ತೇವೆ: ಅವನು ಹುಟ್ಟಾ ಕೆಟ್ಟವನು, ಆ ಮನೆತನವೇ ಹಾಗೆ. ಪಾಲಿನ ಕೇಸುಗಳಲ್ಲಿ ಇದನ್ನು ನಾನು ದಿನವೂ ಕೇಳುತ್ತೇನೆ. ಅಣ್ಣತಮ್ಮಂದಿರ ನಡುವೆ ಕೆಟ್ಟದ್ದು ಒಂದು ಸಹಿ ಅಥವಾ ಒಂದು ತಿಜೋರಿಯ ಕೀಲಿ. ಅರ್ಜಿಯಲ್ಲಿ ಬರೆಸುವುದು ಹುಟ್ಟಿದಂದಿನಿಂದ ಆದದ್ದೆಲ್ಲವನ್ನೂ. ಚೆನ್ನಾಗಿದ್ದ ತಗಡೂ ಹಿಗ್ಗುತ್ತದೆ.

ಹಾಗಾದರೆ ಗೆರೆ ಬಿಡಿಸುವುದು ಹೇಗೆ? ಮನುಸ್ಮೃತಿ ಒಂದು ಸಾಲು ಕೊಡುತ್ತದೆ: ತಪ್ಪನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು, ಪಶ್ಚಾತ್ತಾಪ, ತಪಸ್ಸು, ಅಧ್ಯಯನ, ಇವು ಯಾವುವೂ ಆಗದ ಸಂಕಟದಲ್ಲಿ ದಾನ. ಕದ್ದವನಾದರೆ ಕದ್ದದ್ದನ್ನು ಹಿಂತಿರುಗಿಸಿಯೇ ವ್ರತ ಹಿಡಿಯಬೇಕು ಎಂದೂ ಹೇಳುತ್ತದೆ. ಅಲ್ಲಿ ದಾನ ಕೊನೆಯದು. ಮುಂದೆ ಬಂದ ನಿಬಂಧಕಾರರ ಕಾಲಕ್ಕೆ ಉಪವಾಸದ ಕೃಚ್ಛ್ರವ್ರತದ ಬದಲು ಒಂದು ಹಸು, ಹಸುವಿನ ಬದಲು ಅದರ ಬೆಲೆ ಎಂಬ ಪ್ರತ್ಯಾಮ್ನಾಯಗಳು ಬಂದವು. ಕೊನೆಯದಾಗಿದ್ದದ್ದು ಮೊದಲಿಗೆ ಬಂದಿತು. ಪುಟ್ಟಿ ತಗಡಿನ ಜಾಗಕ್ಕೆ ಬಂದದ್ದು ಅಲ್ಲಿಂದಲೇ ಎಂದು ನನ್ನ ನಂಬಿಕೆ. ಅದಕ್ಕಿಂತ ದೊಡ್ಡ ಕೊರತೆಯೂ ಆ ಶಾಸ್ತ್ರದಲ್ಲಿದೆ. ಒಂದೇ ತಪ್ಪಿಗೆ ಮಾಡಿದವನ ಜಾತಿ, ಪೆಟ್ಟು ತಿಂದವನ ಜಾತಿ ನೋಡಿ ಪ್ರಾಯಶ್ಚಿತ್ತ ಹೆಚ್ಚುಕಡಿಮೆ ಆಗುತ್ತದೆ. ಇದನ್ನು ನಾನು ಒಪ್ಪಲಾರೆ.

ಒಪ್ಪದವರು ಅದೇ ಕಲ್ಯಾಣದಲ್ಲಿ ಎದ್ದರು. ವಿಕ್ರಮಾದಿತ್ಯ ತೀರಿ ಅರ್ಧ ಶತಮಾನ ಕಳೆಯುವುದರೊಳಗೆ, ಬಿಜ್ಜಳನ ಕಾಲದಲ್ಲಿ, ಶರಣರು ಈ ಲೆಕ್ಕದ ಪುಸ್ತಕವನ್ನೇ ಮುಚ್ಚಿದರು. ಉರಿಲಿಂಗಪೆದ್ದಿ ಮೊದಲು ಕಳ್ಳನಾಗಿದ್ದ ಎಂದು ನಮ್ಮ ಪರಂಪರೆ ಹೇಳುತ್ತದೆ. ಕೀಳೆಂದು ದೂರವಿಟ್ಟ ಜಾತಿಯವನು. ಅವನಿಗೆ ದೀಕ್ಷೆ ಸಿಕ್ಕಿತು, ವಚನಕಾರನಾದ. ಹಿಂದಿನದನ್ನು ತೂಗಿ ಇಷ್ಟು ಉಪವಾಸ, ಅಷ್ಟು ಹಸು ಎಂದು ಯಾರೂ ಕೇಳಲಿಲ್ಲ. ಹಾಗೆಂದು ಅವನು ಸುಮ್ಮನೆ ಕೂರುವಂತಿರಲಿಲ್ಲ. ಗುರುವಿನ ಬಳಿ ದುಡಿಮೆ ಇತ್ತು. ಕಾಯಕದ ಆ ದಾರಿಯಲ್ಲಿ ಮನುಷ್ಯ ಮತ್ತೆ ನೇರವಾಗುವುದು ಕೈಯ ಕೆಲಸದಿಂದ. ಶಾಸ್ತ್ರಕಾರನ ಪ್ರಶ್ನೆಯನ್ನು ನಾನು ವಿಜ್ಞಾನೇಶ್ವರನಿಂದ ಕಲಿತೆ, ಉತ್ತರಕ್ಕೆ ಮಾತ್ರ ಶರಣರ ಕಡೆ ನಡೆಯುತ್ತೇನೆ.

ಶೆಡ್ಡಿನಲ್ಲಿ ಚಹಾ ಬಂದಾಗ ಇದೇ ಮಾತು ತೆಗೆದೆ. ಉಸ್ತಾದರು ಪಶ್ಚಾತ್ತಾಪದ, ಅವರ ಮಾತಿನಲ್ಲಿ ತೌಬಾದ, ನಿಯಮ ಹೇಳಿದರು: ಆ ಕೆಲಸ ಬಿಡಬೇಕು, ಮನಸ್ಸು ನೋಯಬೇಕು, ಮತ್ತೆ ಮಾಡೆನೆಂದು ಗಟ್ಟಿಮಾಡಿಕೊಳ್ಳಬೇಕು. ತಪ್ಪು ಅಲ್ಲಾಹನಿಗೂ ನಿನಗೂ ನಡುವಿನದಾದರೆ ಇಷ್ಟು ಸಾಕು. ಇನ್ನೊಬ್ಬ ಮನುಷ್ಯನದಾದರೆ ನಾಲ್ಕನೆಯದೂ ಬೇಕು. “ಬಂದೇ ಕಾ ಹಖ್ ಬಂದೇ ಕೂಚ್ ದೇನಾ.” ಮನುಷ್ಯನ ಹಕ್ಕನ್ನು ಆ ಮನುಷ್ಯನಿಗೇ ಕೊಡಬೇಕು; ಮಸೀದಿಗೆ ಕೊಟ್ಟು ಮುಗಿಸಲಾಗದು.

ಮೂರು ದಾರಿಗಳೂ ಕೂಡುವ ಜಾಗ ಇದು. ಪ್ರಾಯಶ್ಚಿತ್ತ ಪೆಟ್ಟಾದ ಜಾಗದಲ್ಲೇ ನಡೆಯಬೇಕು. ತಮ್ಮನಿಗೆ ಮಾಡಿದ ಮೋಸಕ್ಕೆ ತಿರುಪತಿ ಹುಂಡಿ ಜಾಗವಲ್ಲ. ಪೆಟ್ಟು ಕೊಟ್ಟವನು ಒಳಗಿನಿಂದ ಒತ್ತಿ ಹಿಡಿಯಬೇಕು: ಏನು ಮಾಡಿದೆ ಎಂದು ಹೆಸರಿಟ್ಟು ಹೇಳಬೇಕು, ಅದರ ಭಾರವನ್ನು ತನ್ನ ತೋಳಲ್ಲಿ ಹೊರಬೇಕು. ಪೆಟ್ಟು ತಿಂದವರಿಗೂ ಒಂದು ಕೆಲಸವಿದೆ, ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಗೆರೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವುದು, ಅದರಾಚೆಗಿನ ತಗಡನ್ನು ಬಡಿಯದಿರುವುದು. ಹುಡುಗ ಉಸ್ತಾದರ ಕೂಲಿಯಲ್ಲಿ ಒಂದು ಪಾಲನ್ನು ತನ್ನ ಕೈಯಿಂದಲೇ ಕೊಟ್ಟ, ನಾನು ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಅವನ ಹತ್ತಿರ ಇದ್ದದ್ದನ್ನು ಕೊಡಲು ಬಿಡದೆ ಕಳಿಸಿದ ಹಾಗಾಗುತ್ತಿತ್ತು. ಈಗ ಗಲ್ಲಿಗೆ ಟ್ಯಾಂಕರ್ ತಂದಾಗ ನನ್ನನ್ನು ಕಂಡರೆ ತಲೆ ತಗ್ಗಿಸುವುದಿಲ್ಲ, ಅಕ್ಕಾರ ಎಂದು ಕರೆಯುತ್ತಾನೆ. ವಿಜ್ಞಾನೇಶ್ವರ ಹೇಳಿದ ವ್ಯವಹಾರ ಇದೇ.

ಸರಿಮಾಡಿದ್ದು ಮೊದಲಿನಂತೆಯೇ ಆಗುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಮಡಿಸಿ ಬಿಡಿಸಿದ ಜಾಗದಲ್ಲಿ ಲೋಹ ಗಡುಸಾಗುತ್ತದೆ. ಅದೇ ಜಾಗವನ್ನು ಮತ್ತೆ ಮತ್ತೆ ಮಡಿಸಿದರೆ ಸೀಳುತ್ತದೆ. ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ 1912ರ ಹಳದಿ ರೋಲ್ಸ್ ರಾಯ್ಸ್ ಇದೆ, ಏನೂ ಆಗಿಯೇ ಇಲ್ಲವೆಂಬಂತೆ ಹೊಳೆಯುತ್ತಾ ನಿಂತಿದೆ. ನೋಡಲು ನನಗೂ ಇಷ್ಟ. ಆದರೆ ಮನುಷ್ಯರ ನಡುವೆ ಆ ಬಗೆಯ ಹೊಳಪನ್ನು ಬೇಡುವುದು ತಪ್ಪು. ಬೇಕಾದದ್ದು ಮತ್ತೆ ರಸ್ತೆಗೆ ಇಳಿಯುವ ಬಲ.

ಕೆಲವು ಹಾನಿಗಳಿಗೆ ಯಾವ ಡಾಲಿಯೂ ಇಲ್ಲ. ಮೋಟಾರು ವಾಹನ ಕಾಯ್ದೆ, 1988ರ 166ನೆಯ ಕಲಮಿನಡಿ ಸತ್ತವರ ಮನೆಯವರು ನನ್ನ ಮುಂದೆ ಕೂರುತ್ತಾರೆ. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಂತೆ ಸತ್ತವರ ವಯಸ್ಸು 15ರಿಂದ 25ರೊಳಗಿದ್ದರೆ ಮನೆಯವರಿಗೆ ತಪ್ಪಿದ ವರ್ಷದ ಆದಾಯವನ್ನು 18ರಿಂದ ಗುಣಿಸಬೇಕು. ಗುಣಿಸುತ್ತೇನೆ. ಆ ಹಣ ಬೇಕು, ಅದರಿಂದ ಮಕ್ಕಳ ಓದು ನಡೆಯುತ್ತದೆ. ಅದನ್ನು ಹಗುರ ಮಾಡುವವರ ಮಾತಿಗೆ ನಾನು ಸೇರುವುದಿಲ್ಲ. ಅದು ಹರಿದುಹೋದ ಜಾಗಕ್ಕೆ ಬೆಸೆದ ಹೊಸ ತಗಡು; ಹೋದದ್ದನ್ನು ತರುವ ಶಕ್ತಿ ಅದಕ್ಕಿಲ್ಲ. ಚೆಕ್ ಕೈಗೆ ಬಂದ ಮೇಲೂ ಎಷ್ಟೋ ತಾಯಂದಿರು ನನ್ನನ್ನು ಕೇಳುವುದು ಒಂದೇ: ಆ ಡ್ರೈವರ್ ಏನಾದರೂ ಅಂದನೇ? ನಮ್ಮ ಪದ್ಧತಿಯಲ್ಲಿ ಅವನಿಗೆ ಮಾತಾಡುವ ಜಾಗವೇ ಇಲ್ಲ. ಅವನ ಪರವಾಗಿ ಕಂಪನಿಯ ವಕೀಲರು ಮಾತಾಡುತ್ತಾರೆ.

ಲೋಕ ಅದಾಲತ್ತಿನಲ್ಲಿ ರಾಜಿಯಾಗುವ ಕೇಸುಗಳಲ್ಲಿ ಹಾಗಾಗಬೇಕಿಲ್ಲ. ಈಗ ನಾನು, ಎರಡೂ ಕಡೆಯವರು ಒಪ್ಪಿದರೆ, ಮೊತ್ತ ಬರೆಯುವ ಮೊದಲು ಗಾಡಿ ಓಡಿಸಿದವನನ್ನೂ ಕರೆಸಿ ಅಂದು ನಡೆದದ್ದನ್ನು ಅವನ ಬಾಯಿಂದಲೇ ಹೇಳಿಸುತ್ತೇನೆ; ಪಾಲಿನ ರಾಜಿಯಲ್ಲಿ, ಸಹಿ ಮಾ‌ಡಿಸಿಕೊಂಡ ಅಣ್ಣನ ಬಾಯಿಂದ. ಕೆಲವರು ಎದ್ದುಹೋಗುತ್ತಾರೆ. ಕೆಲವರು ಹೇಳುತ್ತಾರೆ. ಹೇಳಿದ ಕಡೆ ವರ್ಷಗಟ್ಟಲೆ ಬಗ್ಗದ ಹಟ ಒಮ್ಮೊಮ್ಮೆ ಅರ್ಧ ಗಂಟೆಯಲ್ಲಿ ಸಡಿಲವಾಗುವುದನ್ನು ಕಂಡಿದ್ದೇನೆ. ತಪ್ಪನ್ನು ಸರಿಮಾಡಲು ಬರುತ್ತದೆಯೇ ಎಂದು ಕೇಳಿದರೆ ನನ್ನ ಉತ್ತರ ಹೌದು: ಮಾಡಿದವನು ಆ ಜಾಗಕ್ಕೇ ಬಂದು ಕೈ ಹಾಕಿದರೆ, ಮತ್ತು ನಾವು ಅವನಿಗೆ ಆ ಜಾಗವನ್ನು ತೆರೆದು ತೋರಿಸಿದರೆ.